ಬೀದಿಯನ್ನು ಅಂಗಳ ಮಾಡಿದವರು

1972ನೇ ಇಸವಿ. ಹಾಲೆಂಡಿನ ಆಮ್‌ಸ್ಟರ್‌ಡಾಂ ನಗರದಲ್ಲಿ 'ಡ ಪೈಪ್' ಎಂಬ ಹಳೆಯ ಬಡಾವಣೆ. ಹತ್ತೊಂಬತ್ತನೇ ಶತಮಾನದಲ್ಲಿ ದುಡಿಯುವ ಜನರಿಗೆಂದು ಒತ್ತೊತ್ತಾಗಿ ಕಟ್ಟಿದ ಮನೆಗಳು, ಅಗಲ ಕಿರಿದಾದ ಬೀದಿಗಳು. ಅವುಗಳನ್ನು ಕಟ್ಟಿದವರ ಕನಸಿನಲ್ಲೂ ಮೋಟಾರು ಕಾರು ಸುಳಿದಿರಲಿಕ್ಕಿಲ್ಲ. ಆದರೆ ನೂರು ವರ್ಷ ಕಳೆಯುವಷ್ಟರಲ್ಲಿ ಬೀದಿಯ ಎರಡೂ ಬದಿಗೆ ಕಾರುಗಳ ಸಾಲು. ನಡುವೆ ಉಳಿದ ಓಣಿಯಂಥ ಜಾಗದಲ್ಲಿ ಮತ್ತಷ್ಟು ಕಾರುಗಳ ಓಟ. ಮಕ್ಕಳು ಮನೆಯ ಹೊಸಿಲು ದಾಟಿದರೆ ಕಾಲಿಡಲು ಸ್ಥಳವಿಲ್ಲ.

ಆ ಬಡಾವಣೆಯ ಶಾಲಾ ಮಕ್ಕಳು ಒಂದು ಕೆಲಸ ಮಾಡಿದರು. ಮನೆಮನೆಗೆ ಹೋಗಿ ಬಾಗಿಲು ತಟ್ಟಿ, 'ನಮಗೆ ಆಡಲು ಒಂದು ಬೀದಿ ಬೇಕು' ಎಂದು ಸಹಿ ಸಂಗ್ರಹಿಸಿದರು. ಬೀದಿಗೆ ಅಡ್ಡಗಟ್ಟೆ ಹಾಕಿ ಅಲ್ಲೇ ಆಡಿದರು. ಕಾರಿನಲ್ಲಿ ಬಂದ ದೊಡ್ಡವರಿಗೆ ಸಿಟ್ಟು ನೆತ್ತಿಗೇರಿತು. ಇಳಿದು ಬಂದು ಅಡ್ಡಗಟ್ಟೆಯನ್ನು ಎತ್ತಿ ಪಕ್ಕಕ್ಕೆ ಹಾಕಲು ಹೋದವರೂ ಉಂಟು. ಇದೆಲ್ಲವೂ ಅಂದಿನ ಡಚ್ ಟೆಲಿವಿಷನ್ನಿನ ಸಾಕ್ಷ್ಯಚಿತ್ರವೊಂದರಲ್ಲಿ ದಾಖಲಾಗಿದೆ. ಇಂದು ಅದನ್ನು ನೋಡಿದವರಿಗೆ ಅಚ್ಚರಿಯಾಗುವುದು ಮಕ್ಕಳ ಧೈರ್ಯಕ್ಕಲ್ಲ. ಹಾಲೆಂಡಿನಂಥ ಸೈಕಲ್ಲುಗಳ ದೇಶವೂ ಒಂದು ಕಾಲಕ್ಕೆ ಹೀಗಿತ್ತೇ ಎಂಬುದಕ್ಕೆ.

ಹೌದು, ಹೀಗೆಯೇ ಇತ್ತು. ಡಚ್ಚರು ಹುಟ್ಟಾ ಸೈಕಲ್ ಪ್ರಿಯರು, ಅವರ ರಸ್ತೆಗಳು ಮೊದಲಿನಿಂದಲೂ ಸುರಕ್ಷಿತ ಎಂದು ಬಹಳ ಮಂದಿ ತಿಳಿದಿದ್ದಾರೆ. ಎರಡನೇ ಮಹಾಯುದ್ಧದ ನಂತರ ಆ ದೇಶ ಶ್ರೀಮಂತವಾಗುತ್ತ ಹೋದಂತೆ ಕಾರುಗಳು ಹೆಚ್ಚಿದವು, ಸೈಕಲ್ಲುಗಳು ಕಡಿಮೆಯಾದವು, ರಸ್ತೆ ಅಗಲಗೊಳಿಸಲು ಹಳೆಯ ಮನೆಗಳನ್ನು ಕೆಡವಲಾಯಿತು. 1970ರ ದಶಕದ ಆರಂಭದಲ್ಲಿ, ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಜನಸಂಖ್ಯೆಯ ಆ ಪುಟ್ಟ ದೇಶದಲ್ಲಿ ವರ್ಷಕ್ಕೆ 3,000ಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತಗಳಲ್ಲಿ ಸಾಯುತ್ತಿದ್ದರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ದಿನಕ್ಕೊಂದಕ್ಕಿಂತ ಹೆಚ್ಚು ಮಗು ಎಂದಾಯಿತು.

ಒಬ್ಬ ತಂದೆಯ ಲೇಖನ

ವಿಕ್ ಲಾಂಗನ್‌ಹಾಫ್ ಒಬ್ಬ ಪತ್ರಕರ್ತ. 1971ರಲ್ಲಿ ಅವರ ಆರು ವರ್ಷದ ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಕಾರು ಬಡಿದು ತೀರಿಕೊಂಡಳು. ಮರುವರ್ಷ ಅವರು 'ಡ ಟೈಡ್' ಎಂಬ ದಿನಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ತಲೆಬರಹ 'ಸ್ಟಾಪ್ ಡ ಕಿಂಡರ್‌ಮೋರ್ಡ್', ಅಂದರೆ 'ಮಕ್ಕಳ ಕೊಲೆ ನಿಲ್ಲಿಸಿ'. ಅಪಘಾತ ಎಂಬ ಪದವನ್ನು ಅವರು ಬಳಸಲಿಲ್ಲ ಎಂಬುದನ್ನು ಗಮನಿಸಬೇಕು. ಅಪಘಾತ ಎಂದೊಡನೆ ಅದು ಸಿಡಿಲು ಬಡಿದಂತೆ, ಯಾರ ಕೈಯಲ್ಲೂ ಇಲ್ಲದ್ದು ಎಂಬ ಭಾವನೆ ಬಂದುಬಿಡುತ್ತದೆ. ಇದು ತಡೆಯಬಹುದಾದ ಸಾವು, ತಡೆಯದೆ ಇರುವುದು ಕೊಲೆಗೆ ಸಮ ಎಂಬುದು ಆ ತಂದೆಯ ವಾದ. ಹೆತ್ತವರೆಲ್ಲ ಒಟ್ಟಾಗಿ ಸರ್ಕಾರದ ಮೇಲೆ ಒತ್ತಡ ತರಬೇಕೆಂದು ಅವರು ಕರೆಕೊಟ್ಟರು.

ಲೇಖನದ ತಲೆಬರಹವೇ ಒಂದು ಸಂಘಟನೆಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟನ್, ಆಗಿನ್ನೂ ಇಪ್ಪತ್ತರ ಹರೆಯದ ತಾಯಿ. ಮುಂದೆ ಅವರು ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯೆಯೂ ಆದರು. ಈ ತಾಯ್ತಂದೆಯರ ಹೋರಾಟದ ರೀತಿಯೇ ಬೇರೆ. ಬಸ್ಸಿಗೆ ಕಲ್ಲು ಹೊಡೆಯಲಿಲ್ಲ, ಟೈರು ಸುಡಲಿಲ್ಲ. ಅಪಘಾತ ಆಗುವ ಜಾಗಗಳಲ್ಲಿ ಹೋಗಿ ಕುಳಿತರು. ಸೈಕಲ್ ಮೆರವಣಿಗೆ ಹೊರಟರು. ಪೊಲೀಸರಿಗೆ ಹೇಳಿ ಒಂದು ದಿನದ ಮಟ್ಟಿಗೆ ಬೀದಿ ಮುಚ್ಚಿಸಿ, ನಡುಬೀದಿಯಲ್ಲೇ ಮೇಜು ಹಾಕಿ ಇಡೀ ಬೀದಿಯವರು ಕೂತು ಊಟ ಮಾಡಿದರು. ಪೊಲೀಸರು ಅಡ್ಡಿಪಡಿಸುವುದಿರಲಿ, ನೆರವಾದರು. ಪ್ರಧಾನಮಂತ್ರಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆ ಹೋಗಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೊಡಿ ಎಂದು ಹಾಡಿಬಂದರು. ಮುಂದೆ ಸರ್ಕಾರವೇ ಈ ಸಂಘಟನೆಗೆ ಧನಸಹಾಯ ನೀಡಿತು.

ಕಾಲವೂ ಕೂಡಿಬಂತು. 1973ರಲ್ಲಿ ಅರಬ್ ದೇಶಗಳು ಪೆಟ್ರೋಲಿಯಂ ಪೂರೈಕೆಗೆ ಕಡಿವಾಣ ಹಾಕಿದಾಗ ಡಚ್ ಸರ್ಕಾರ ನವೆಂಬರ್‌ನಿಂದ ಕೆಲವು ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಹೆದ್ದಾರಿಯಲ್ಲಿ ಮಕ್ಕಳು ಸ್ಕೇಟಿಂಗ್ ಮಾಡಿದರು, ಕುದುರೆಗಾಡಿಗಳು ಬಂದವು. ಕಾರಿಲ್ಲದ ಬೀದಿ ಹೇಗಿರುತ್ತದೆ ಎಂಬುದನ್ನು ಒಂದು ಇಡೀ ಪೀಳಿಗೆ ಮರೆತಿತ್ತು. ಈಗ ಕಣ್ಣಾರೆ ಕಂಡಿತು.

ಡೆಲ್ಫ್ಟ್ ಊರಿನ ಪ್ರಯೋಗ

ಹೋರಾಟ ಕೇಳುವುದು 'ಬೇಡ' ಎನ್ನುವುದನ್ನು. ಆದರೆ 'ಹೇಗೆ' ಎಂಬುದಕ್ಕೆ ಎಂಜಿನಿಯರರು ಬೇಕು. ಅಂಥ ಎಂಜಿನಿಯರ್ ಡೆಲ್ಫ್ಟ್ ಪಟ್ಟಣದ ನಗರಸಭೆಯಲ್ಲಿ ಆಗಲೇ ಇದ್ದರು. ಹೆಸರು ಯೋಸ್ಟ್ ವಾಲ್. ಡೆಲ್ಫ್ಟ್‌ನ ನಿವಾಸಿಗಳೇ ರಾತ್ರೋರಾತ್ರಿ ಬೀದಿಯ ಕಲ್ಲುಹಾಸು ಕಿತ್ತು ಮರುಜೋಡಿಸಿ ಕಾರುಗಳು ಬಳಸಿಕೊಂಡು ಹೋಗುವಂತೆ ಮಾಡಿದರು ಎಂಬ ಕಥೆ ಪ್ರಚಲಿತದಲ್ಲಿದೆ. ಅದರಲ್ಲಿ ಎಷ್ಟು ನಿಜ, ಎಷ್ಟು ಬಣ್ಣ ಎಂಬುದು ಬೇರೆ ಮಾತು. 1960ರ ದಶಕದ ಕೊನೆಯಿಂದ ವಾಲ್ ಅವರು ಜನರೊಡನೆ ಸೇರಿ ಬೀದಿಯ ರೂಪವನ್ನೇ ಬದಲಿಸುವ ಪ್ರಯೋಗಗಳಲ್ಲಿ ತೊಡಗಿದ್ದಂತೂ ನಿಜ.

ಅವರು ಮಾಡಿದ್ದೇನು? ನೇರವಾಗಿದ್ದ ದಾರಿಯನ್ನು ಸೊಟ್ಟ ಮಾಡಿದರು. ಅಲ್ಲಲ್ಲಿ ಗಿಡ ನೆಟ್ಟರು, ಬೆಂಚು ಇಟ್ಟರು. ಫುಟ್‌ಪಾತ್ ಬೇರೆ, ರಸ್ತೆ ಬೇರೆ ಎಂದು ತೋರಿಸುವ ಅಂಚುಗಲ್ಲನ್ನೇ ತೆಗೆದುಹಾಕಿ, ಇಡೀ ಬೀದಿಗೆ ಒಂದೇ ಮಟ್ಟದಲ್ಲಿ ಇಟ್ಟಿಗೆ ಹಾಸಿದರು. ಆ ಬೀದಿಗೆ ಬಂದ ಚಾಲಕನಿಗೆ ತನ್ನ ದಾರಿ ಯಾವುದು ಎಂಬ ಗೊಂದಲ. ಗೊಂದಲವಾದ ಮನುಷ್ಯ ತಾನಾಗಿಯೇ ನಿಧಾನಿಸುತ್ತಾನೆ. ಫಲಕ ನೋಡಿ ನಿಧಾನಿಸದವನೂ ಗಿಡ ನೋಡಿ ನಿಧಾನಿಸುತ್ತಾನೆ. ಗಿಡಕ್ಕೆ ಗುದ್ದಿದರೆ ಕೆಡುವುದು ಅವನದೇ ಕಾರು!

ಇಂಥ ಬೀದಿಗೆ 'ವೋನೆರ್ಫ್' ಎಂಬ ಹೆಸರನ್ನು ಕೊಟ್ಟವರು ನಗರ ಯೋಜನಾತಜ್ಞ ನೀಕ್ ಡ ಬೂರ್. ಡಚ್ ಭಾಷೆಯಲ್ಲಿ 'ಎರ್ಫ್' ಎಂದರೆ ರೈತನ ಮನೆಯ ಮುಂದಿನ ಅಂಗಳ. 'ವೋನೆರ್ಫ್' ಎಂದರೆ ವಾಸದ ಅಂಗಳ. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಮಕ್ಕಳು ಆಡುತ್ತಾರೆ, ಹಪ್ಪಳ ಒಣಗುತ್ತದೆ, ಗಾಡಿಯೂ ಬಂದು ನಿಲ್ಲುತ್ತದೆ. ಆದರೆ ಗಾಡಿ ಬರುವವನು ಅದು ಇನ್ನೊಬ್ಬರ ಅಂಗಳವೆಂಬ ಅರಿವಿನಿಂದ ಬರುತ್ತಾನೆ. 1976ರಲ್ಲಿ ಡಚ್ ಸರ್ಕಾರ ಇದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಅಂಥ ಬೀದಿಯ ಪೂರ್ತಿ ಅಗಲವನ್ನೂ ನಡೆಯುವವರು ಬಳಸಬಹುದು, ಮಕ್ಕಳು ಆಡಬಹುದು. ವಾಹನ ನಡಿಗೆಯ ವೇಗದಲ್ಲಿ ಸಾಗಬೇಕು. ಕಾರನ್ನು ಓಡಿಸಬಾರದು ಎಂದಿಲ್ಲ, ಮಕ್ಕಳೂ ಬೇಕೆಂದೇ ಕಾರಿಗೆ ಅಡ್ಡ ನಿಲ್ಲಬಾರದು.

ಇದರಲ್ಲಿ ಒಂದು ತೊಡಕೂ ಇತ್ತು. ಇಡೀ ಬೀದಿಯನ್ನು ಅಗೆದು ಹೊಸದಾಗಿ ಕಟ್ಟುವುದು ದುಬಾರಿ. ವಾಹನ ದಟ್ಟಣೆಯ ರಸ್ತೆಗೆ ಇದು ಹೊಂದುವುದೂ ಇಲ್ಲ. ಆದ್ದರಿಂದ 1983ರಿಂದ ಅಲ್ಲಿ 'ಗಂಟೆಗೆ 30 ಕಿ.ಮೀ.' ವಲಯಗಳು ಬಂದವು. ಅದೇ ವರ್ಷ ಜರ್ಮನಿಯ ಬುಕ್ಸ್‌ಟೆಹೂಡೆ ಪಟ್ಟಣದಲ್ಲೂ ಆ ದೇಶದ ಮೊದಲ 30 ಕಿ.ಮೀ. ವಲಯ ಆರಂಭವಾಯಿತು. ಆಮ್‌ಸ್ಟರ್‌ಡಾಂ ನಗರವಂತೂ 2023ರ ಡಿಸೆಂಬರ್‌ನಲ್ಲಿ ತನ್ನ ಬಹುಪಾಲು ರಸ್ತೆಗಳಿಗೆ ಈ ಮಿತಿಯನ್ನು ವಿಸ್ತರಿಸಿತು.

ಮೂವತ್ತೇ ಏಕೆ?

ಇಪ್ಪತ್ತೈದಲ್ಲ, ನಲವತ್ತಲ್ಲ, ಮೂವತ್ತೇ ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಪ್ರೌಢಶಾಲೆಯ ಭೌತಶಾಸ್ತ್ರ ಇಷ್ಟು ಸಾಕು. ಗಂಟೆಗೆ 50 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 13.9 ಮೀಟರು, 30 ಕಿ.ಮೀ. ಎಂದರೆ 8.3 ಮೀಟರು. ಒಂದು ಮಗು ಇದ್ದಕ್ಕಿದ್ದಂತೆ ಚೆಂಡಿನ ಹಿಂದೆ ರಸ್ತೆಗೆ ಓಡಿಬಂತು ಎನ್ನಿ. ಚಾಲಕ ಅದನ್ನು ಕಂಡು, ಮೆದುಳಿಗೆ ಸುದ್ದಿ ಮುಟ್ಟಿ, ಕಾಲು ಬ್ರೇಕಿನ ಮೇಲೆ ಬೀಳಲು ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 30ರ ವೇಗದ ಕಾರು 8.3 ಮೀಟರು ಸಾಗಿರುತ್ತದೆ. ಒಣರಸ್ತೆಯಲ್ಲಿ ಜೋರಾಗಿ ಬ್ರೇಕು ಹಾಕಿದರೆ ಮತ್ತೆ ಸುಮಾರು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 13.3 ಮೀಟರು. ಅದೇ 50ರ ವೇಗದ ಕಾರು? ಚಾಲಕನ ಕಾಲು ಬ್ರೇಕಿಗೆ ತಾಗುವ ಹೊತ್ತಿಗೇ ಅದು 13.9 ಮೀಟರು ಬಂದಿರುತ್ತದೆ.

ಅಂದರೆ ಮಗು ಹದಿಮೂರೂವರೆ ಮೀಟರು ದೂರದಲ್ಲಿದ್ದರೆ, ಒಂದು ಕಾರು ಮಗುವಿನ ಮುಂದೆ ಬಂದು ನಿಲ್ಲುತ್ತದೆ. ಇನ್ನೊಂದು ಕಾರು ಪೂರ್ತಿ 50 ಕಿ.ಮೀ. ವೇಗದಲ್ಲೇ ಬಡಿಯುತ್ತದೆ. ಚಾಲಕ ಒಬ್ಬನೇ, ಕಾರು ಒಂದೇ, ಎಚ್ಚರವೂ ಅಷ್ಟೇ.

ಬಡಿತದ ಬಲವೂ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. 30ಕ್ಕಿಂತ 50ರ ವೇಗ ಒಂದೂಮುಕ್ಕಾಲು ಪಟ್ಟೂ ಅಲ್ಲ, ಆದರೆ ಚಲನಶಕ್ತಿ ಹತ್ತಿರ ಹತ್ತಿರ 2.8 ಪಟ್ಟು. ಎತ್ತರದಿಂದ ಬೀಳುವುದಕ್ಕೆ ಹೋಲಿಸಿದರೆ, 30 ಕಿ.ಮೀ. ವೇಗವೆಂದರೆ ಸುಮಾರು ಮೂರೂವರೆ ಮೀಟರು ಎತ್ತರದಿಂದ, ಅಂದರೆ ಒಂದು ಅಂತಸ್ತಿನಿಂದ ಬಿದ್ದಂತೆ. 50 ಕಿ.ಮೀ. ಎಂದರೆ ಹತ್ತಿರ ಹತ್ತಿರ ಹತ್ತು ಮೀಟರು, ಮೂರು ಅಂತಸ್ತು. ಮನೆಯ ತಾರಸಿಗೆ ಕಟಕಟೆ ಕಟ್ಟಿಸದೆ ಯಾವ ತಂದೆತಾಯಿಯೂ ಮಕ್ಕಳನ್ನು ಅಲ್ಲಿ ಆಡಲು ಬಿಡುವುದಿಲ್ಲ. ಶಾಲೆಯ ಮುಂದಿನ ರಸ್ತೆಗೆ ಮಾತ್ರ ಕಟಕಟೆಯಿಲ್ಲ.

2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಜಾಗತಿಕ ಸಚಿವರ ಸಮ್ಮೇಳನ, ನಡೆಯುವವರೂ ಸೈಕಲ್ಲಿನವರೂ ವಾಹನಗಳೂ ಬೆರೆಯುವ ಕಡೆ 30 ಕಿ.ಮೀ. ಮಿತಿ ಇರಲಿ ಎಂದು ಹೇಳಿದ್ದು ಇದೇ ಲೆಕ್ಕದ ಮೇಲೆ.

ಇದರಿಂದ ಸಮಯ ಹಾಳು ಎಂಬ ದೂರು ಸಾಮಾನ್ಯ. ಅದನ್ನೂ ಲೆಕ್ಕ ಹಾಕಿಬಿಡೋಣ. ಶಾಲೆಯ ಆಚೀಚೆ 300 ಮೀಟರು ರಸ್ತೆಯನ್ನು 50ರಲ್ಲಿ ದಾಟಲು ಸುಮಾರು 22 ಸೆಕೆಂಡು, 30ರಲ್ಲಿ 36 ಸೆಕೆಂಡು. ನಷ್ಟವಾದದ್ದು ಹದಿನಾಲ್ಕು ಸೆಕೆಂಡು.

'ಎಡಕ್ಕೆ ನೋಡು, ಬಲಕ್ಕೆ ನೋಡು'

ಮಕ್ಕಳಿಗೆ ರಸ್ತೆ ದಾಟುವುದನ್ನು ಸರಿಯಾಗಿ ಕಲಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಲಿಸಬೇಕು, ಅನುಮಾನವಿಲ್ಲ. ಡಚ್ ಶಾಲೆಗಳಲ್ಲಿ ಮಕ್ಕಳಿಗೆ ಸಂಚಾರ ನಿಯಮದ ಪರೀಕ್ಷೆಯೇ ಇದೆ. ಆದರೆ ಸ್ವೀಡನ್ನಿನ ಮನೋವಿಜ್ಞಾನಿ ಸ್ಟೀನಾ ಸ್ಯಾಂಡೆಲ್ಸ್ 1960ರ ದಶಕದಲ್ಲೇ ಮಕ್ಕಳನ್ನು ರಸ್ತೆಯಲ್ಲಿ ಗಮನಿಸಿ, ಚಿಕ್ಕ ಮಕ್ಕಳನ್ನು ಇಂದಿನ ಸಂಚಾರಕ್ಕೆ ಹೊಂದಿಸಲು ಸಾಧ್ಯವಿಲ್ಲ, ಸಂಚಾರವನ್ನೇ ಮಕ್ಕಳಿಗೆ ಹೊಂದಿಸಬೇಕು ಎಂಬ ತೀರ್ಮಾನಕ್ಕೆ ಬಂದಿದ್ದರು. ಮಗು ನಿಯಮ ಒಪ್ಪಿಸುತ್ತದೆ. ಗೆಳೆಯ ಆಚೆಯಿಂದ ಕೂಗಿದೊಡನೆ ಮರೆಯುತ್ತದೆ. ಅದು ಮಗುವಿನ ತಪ್ಪಲ್ಲ, ಮಗುತನ.

ಕಣ್ಣಿನ ಮಿತಿಯೂ ಇದೆ. 2011ರಲ್ಲಿ ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿದರು. ಐದು ಸೆಕೆಂಡುಗಳ ದೂರದಲ್ಲಿರುವ ವಾಹನ ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿದ್ದರೆ, ಅದು ತಮ್ಮತ್ತ ಬರುತ್ತಿದೆ ಎಂಬುದೇ ಆ ಮಕ್ಕಳಿಗೆ ಖಚಿತವಾಗಿ ತಿಳಿಯದಿರಬಹುದು ಎಂದು ಕಂಡುಬಂತು. ಕಾರಣ ಸರಳ. ಬರುವ ವಾಹನದ ಬಿಂಬ ಕಣ್ಣಿನಲ್ಲಿ ದೊಡ್ಡದಾಗುತ್ತ ಹೋಗುವುದನ್ನು ಕಂಡೇ ನಾವು ಅದರ ಚಲನೆಯನ್ನು ಅರಿಯುತ್ತೇವೆ. ಐದು ಸೆಕೆಂಡಿನಲ್ಲಿ ತಲುಪುವ 30ರ ವೇಗದ ಕಾರು 42 ಮೀಟರು ದೂರದಲ್ಲಿರುತ್ತದೆ. 60ರ ವೇಗದ್ದು 83 ಮೀಟರು ದೂರದಲ್ಲಿ. ಎರಡನೆಯದರ ಬಿಂಬ ಚಿಕ್ಕದು, ಅದು ಹಿಗ್ಗುವ ದರವೂ ಅರ್ಧ. ವೇಗವಾಗಿ ಬರುವುದೇ ನಿಂತಂತೆ ಕಾಣುತ್ತದೆ. 'ಎಡಕ್ಕೆ ನೋಡು, ಬಲಕ್ಕೆ ನೋಡು' ಎಂದು ನಾವು ಕಲಿಸಿದ್ದನ್ನು ಮಗು ತಪ್ಪದೆ ಮಾಡಿದರೂ, ನೋಡಿದ್ದು ತಿಳಿಯಬೇಕಲ್ಲ?

ಹಂಪ್‌ನ ವಿಜ್ಞಾನ

ನಮ್ಮಲ್ಲಿ ಜನರೇ ಮುಂದಾಗಿ ವೇಗ ತಡೆಯುವುದು ಹೊಸದೇನಲ್ಲ. ಊರ ಮುಂದಿನ ರಸ್ತೆಯಲ್ಲಿ ಮಗುವಿಗೆ ಲಾರಿ ಬಡಿದರೆ ಜನ ರಸ್ತೆ ತಡೆಯುತ್ತಾರೆ, ಹಂಪ್ಸ್ ಹಾಕಿಸಿ ಎಂದು ಪಟ್ಟು ಹಿಡಿಯುತ್ತಾರೆ. ಯಾರೂ ಬಾರದಿದ್ದರೆ ತಾವೇ ಮಣ್ಣು ಜಲ್ಲಿ ಸುರಿದು ದಿಬ್ಬ ಮಾಡುತ್ತಾರೆ. ನೋವು ಅರ್ಥವಾಗುವಂಥದ್ದೇ. ಆದರೆ ಆ ಚೂಪು ದಿಬ್ಬಕ್ಕೆ ಕತ್ತಲಲ್ಲಿ ಬೈಕಿನವನು ಎಗರಿ ಬೀಳುತ್ತಾನೆ. ಹಿಂದೆ ಕೂತ ಹೆಂಗಸಿಗೆ ಪೆಟ್ಟಾಗುತ್ತದೆ.

ರಸ್ತೆ ಉಬ್ಬಿನ ಹಿಂದೆ ದೊಡ್ಡ ತಲೆಗಳು ಕೆಲಸ ಮಾಡಿವೆ. ಪಿ.ಯು.ಸಿ. ವಿದ್ಯಾರ್ಥಿಗಳು 'ಕಾಂಪ್ಟನ್ ಪರಿಣಾಮ'ವನ್ನು ಕೇಳಿರುತ್ತಾರೆ. 1927ರ ನೊಬೆಲ್ ಪಾರಿತೋಷಕ ಪಡೆದ ಅದೇ ಆರ್ಥರ್ ಕಾಂಪ್ಟನ್, ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ, ಆವರಣದಲ್ಲಿ ಕಾರುಗಳು ನುಗ್ಗುವುದನ್ನು ಕಂಡು 1953ರಲ್ಲಿ ರಸ್ತೆ ಉಬ್ಬುಗಳನ್ನು ವಿನ್ಯಾಸ ಮಾಡಿದರು. ಎಕ್ಸ್ ಕಿರಣದ ಚದುರುವಿಕೆಯಿಂದ ಹಂಪ್‌ನವರೆಗೆ!

ಇಂದಿನ ಉಬ್ಬಿನ ಆಕಾರ ಮಾತ್ರ ಬಂದದ್ದು ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ವಾಟ್ಸ್ ಎಂಬುವರು 1973ರ ಹೊತ್ತಿಗೆ ನಡೆಸಿದ ಪ್ರಯೋಗಗಳಿಂದ. ಕಿರಿದಾದ ಚೂಪು ಉಬ್ಬಿನ ಮೇಲೆ ವೇಗವಾಗಿ ಹೋದಷ್ಟೂ ಕುಲುಕಾಟ ಕಡಿಮೆ. ಚಕ್ರ ಮೇಲೆದ್ದು ಇಳಿಯುವಷ್ಟರಲ್ಲಿ ಸ್ಪ್ರಿಂಗು ಆಘಾತವನ್ನು ನುಂಗಿಬಿಡುತ್ತದೆ, ಕಾರಿನ ಒಡಲಿಗೆ ಅದು ಮುಟ್ಟುವುದೇ ಇಲ್ಲ. ನಿಧಾನ ಹೋಗುವವನಿಗೆ ಶಿಕ್ಷೆ, ನುಗ್ಗುವವನಿಗೆ ಬಹುಮಾನ ಎಂದಂತಾಯಿತು. ಉಬ್ಬು ಅಗಲವಾಗಿ, ಹನ್ನೆರಡು ಅಡಿಯಷ್ಟಿದ್ದರೆ ಕಾರಿನ ಒಡಲೇ ಏರಿ ಇಳಿಯಬೇಕಾಗುತ್ತದೆ. ಆಗ ವೇಗ ಹೆಚ್ಚಿದಂತೆ ಕುಲುಕಾಟವೂ ಹೆಚ್ಚುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲಿ ಹೊರತಂದ ಮಾರ್ಗಸೂಚಿಯ ಅಳತೆಯೂ ಇದೇ: ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂಟಿಮೀಟರು, 17 ಮೀಟರು ತ್ರಿಜ್ಯದ ವೃತ್ತದ ಕಂಸ. ದಾಟುವ ವೇಗ ಗಂಟೆಗೆ 25 ಕಿ.ಮೀ. ಉಬ್ಬಿಗೆ ಕಪ್ಪು ಬಿಳುಪು ಪಟ್ಟೆ ಬಳಿಯಬೇಕು, 40 ಮೀಟರು ಮೊದಲೇ ಎಚ್ಚರಿಕೆ ಫಲಕ ಇರಬೇಕು. ಈ ಮಾರ್ಗಸೂಚಿಯನ್ನು 2018ರಲ್ಲಿ ಪರಿಷ್ಕರಿಸಿದಾಗ ಅದರ ಹೆಸರೇ ಬದಲಾಯಿತು. ಮೊದಲು ಇದ್ದದ್ದು 'ವೇಗತಡೆ' ಎಂಬ ಮಾತು. ನಂತರ ಬಂದದ್ದು ಸಂಚಾರವನ್ನು ಶಾಂತಗೊಳಿಸುವ ಕ್ರಮಗಳ ಮಾತು. ಹೆಸರು ಬದಲಾದಷ್ಟು ಬೇಗ ರಸ್ತೆಗಳು ಬದಲಾಗಿಲ್ಲ ಎಂಬುದನ್ನು ಯಾರೂ ಹೇಳಬೇಕಾಗಿಲ್ಲ.

ಉಬ್ಬೊಂದೇ ದಾರಿಯೂ ಅಲ್ಲ. ಆಂಬುಲೆನ್ಸಿಗೆ, ಬಸ್ಸಿನ ಹಿಂದಿನ ಸೀಟಿನವರಿಗೆ, ಪಕ್ಕದ ಮನೆಯವರಿಗೆ ಅದರಿಂದ ತೊಂದರೆಯಿದೆ. ಶಾಲೆಯ ಗೇಟಿನ ಎದುರು ದಾಟುವ ಜಾಗವನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವುದು ಹೆಚ್ಚು ಜಾಣತನದ್ದು. ಮಗು ಸಮತಟ್ಟಾಗಿ ನಡೆಯುತ್ತದೆ, ಹತ್ತಿ ಇಳಿಯುವ ಕಷ್ಟ ಕಾರಿಗೆ. ರಸ್ತೆಯ ಅಗಲವನ್ನು ಅಲ್ಲಿ ಮಾತ್ರ ಕಿರಿದುಗೊಳಿಸಿದರೆ ಮಗು ದಾಟಬೇಕಾದ ದೂರವೂ ಕಡಿಮೆಯಾಗುತ್ತದೆ.

ಗೇಟಿನ ಮುಂದಿನ ಗದ್ದಲ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಯಾವುದಾದರೂ ನಗರದ ಶಾಲೆಯ ಗೇಟಿನ ಬಳಿ ನಿಂತು ನೋಡಿದರೆ ಇನ್ನೊಂದು ಸತ್ಯ ಕಾಣುತ್ತದೆ. ಅಲ್ಲಿ ಹಾರನ್ ಹೊಡೆಯುತ್ತ, ಫುಟ್‌ಪಾತಿಗೆ ಸ್ಕೂಟರ್ ಹತ್ತಿಸುತ್ತ, ನಡುರಸ್ತೆಯಲ್ಲೇ ಕಾರಿನ ಬಾಗಿಲು ತೆಗೆಯುವವರಲ್ಲಿ ಬಹಳ ಮಂದಿ ಅದೇ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು. ರಸ್ತೆ ಅಪಾಯವೆಂದು ಮಗುವನ್ನು ವಾಹನದಲ್ಲಿ ತರುತ್ತೇವೆ. ಆ ವಾಹನದಿಂದಲೇ ರಸ್ತೆ ಇನ್ನಷ್ಟು ಅಪಾಯವಾಗುತ್ತದೆ. ಅದನ್ನು ಕಂಡು ನಡೆದು ಬರುತ್ತಿದ್ದ ಇನ್ನೊಂದು ಮಗುವೂ ವಾಹನ ಹತ್ತುತ್ತದೆ.

ಆಸ್ಟ್ರೇಲಿಯದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಸೂಚಿಸಿದರು. ಅದು 'ನಡೆಯುವ ಬಸ್ಸು'. ಬಸ್ಸೆಂದರೆ ಬಸ್ಸಲ್ಲ, ಒಬ್ಬಿಬ್ಬರು ಹಿರಿಯರ ಜೊತೆ ಮಕ್ಕಳ ಒಂದು ಸಾಲು. ನಿಗದಿತ ದಾರಿ, ನಿಗದಿತ ವೇಳೆ, ದಾರಿಯಲ್ಲಿ 'ಸ್ಟಾಪು'ಗಳಲ್ಲಿ ಮಕ್ಕಳು ಸೇರಿಕೊಳ್ಳುತ್ತಾರೆ. ಹಲವು ದೇಶಗಳಲ್ಲಿ ಇದು ನಡೆದಿದೆ. ನಮ್ಮ ಹಳ್ಳಿಗಳಲ್ಲಿ ದೊಡ್ಡ ಅಕ್ಕನ ಹಿಂದೆ ಗುಂಪಾಗಿ ಶಾಲೆಗೆ ನಡೆದವರಿಗೆ ಇದು ಹೊಸತೆನಿಸಲಾರದು; ಹೆಸರು ಮಾತ್ರ ಹೊಸತು.

ಹಾಲೆಂಡಿನ ಲೆಕ್ಕಕ್ಕೆ ಮರಳುವುದಾದರೆ, 400 ದಾಟಿದ್ದ ಮಕ್ಕಳ ಸಾವು 2010ರ ಹೊತ್ತಿಗೆ ವರ್ಷಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದಿತ್ತು. ಎಲ್ಲ ವಯಸ್ಸಿನವರೂ ಸೇರಿ 2023ರಲ್ಲಿ ಸತ್ತವರು 684. ಸೀಟ್ ಬೆಲ್ಟು, ಉತ್ತಮ ಕಾರುಗಳು, ಬೇಗ ಸಿಗುವ ಚಿಕಿತ್ಸೆ ಇವುಗಳ ಪಾಲೂ ಇದರಲ್ಲಿದೆ. ಎಲ್ಲವನ್ನೂ ಬೀದಿಯ ಗಿಡಗಳ ಲೆಕ್ಕಕ್ಕೆ ಬರೆಯುವುದು ಸರಿಯಾಗದು. ಆದರೆ ಆ ಮಕ್ಕಳು ಬಾಗಿಲು ತಟ್ಟದೆ, ಆ ತಾಯಂದಿರು ನಡುಬೀದಿಯಲ್ಲಿ ಮೇಜು ಹಾಕದೆ ಇದ್ದಿದ್ದರೆ ಎಂಜಿನಿಯರರ ನಕ್ಷೆಗಳು ಕಪಾಟಿನಲ್ಲೇ ಇರುತ್ತಿದ್ದವೇನೋ.

ನಮ್ಮಲ್ಲಿ ಕೆಲಸ ಆರಂಭಿಸುವವರು ಮೊದಲು ತಿಳಿಯಬೇಕಾದದ್ದು ಶಾಲೆಯ ಮುಂದಿನ ರಸ್ತೆ ಯಾರದು ಎಂಬುದನ್ನು. ಗ್ರಾಮ ಪಂಚಾಯ್ತಿಯದೇ, ನಗರಸಭೆಯದೇ, ಲೋಕೋಪಯೋಗಿ ಇಲಾಖೆಯದೇ, ಹೆದ್ದಾರಿ ಪ್ರಾಧಿಕಾರದ್ದೇ? ರಾಷ್ಟ್ರೀಯ ಹೆದ್ದಾರಿಯಾದರೆ ಉಬ್ಬು ಕೇಳಿ ಪ್ರಯೋಜನವಿಲ್ಲ. ಅಲ್ಲಿನ ಉಬ್ಬುಗಳನ್ನು ತೆಗೆಯಬೇಕೆಂದು ಕೇಂದ್ರ ಸರ್ಕಾರವೇ 2016ರಲ್ಲಿ ಸುತ್ತೋಲೆ ಕಳಿಸಿತ್ತು. ಬೇರೆ ಉಪಾಯ ಕೇಳಬೇಕು. ಅರ್ಜಿಯ ಜೊತೆ ಅಳತೆ ಇದ್ದರೆ ಅದಕ್ಕೆ ತೂಕ ಹೆಚ್ಚು. ಎಂಟು ಒಂಬತ್ತನೇ ತರಗತಿಯ ಮಕ್ಕಳು ಇದನ್ನು ವಿಜ್ಞಾನದ ಚಟುವಟಿಕೆಯಾಗಿಯೇ ಮಾಡಬಹುದು. ರಸ್ತೆಬದಿಯಲ್ಲಿ, ಗುರುಗಳ ಸಮ್ಮುಖದಲ್ಲಿ, ಐವತ್ತು ಮೀಟರು ಅಂತರದ ಎರಡು ಗುರುತು. ಕೈಯಲ್ಲಿ ಒಂದು ಸ್ಟಾಪ್‌ವಾಚು. ಆ ದೂರವನ್ನು ವಾಹನ ಆರು ಸೆಕೆಂಡಿನಲ್ಲಿ ಕ್ರಮಿಸಿದರೆ ಅದರ ವೇಗ ಗಂಟೆಗೆ ಸರಿಯಾಗಿ 30 ಕಿ.ಮೀ. ಮೂರೇ ಸೆಕೆಂಡು ಎಂದರೆ 60. ಒಂದು ವಾರ, ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಬರೆದಿಟ್ಟುಕೊಂಡರೆ ಒಂದು ಪುಟದ ಕೋಷ್ಟಕ ಸಿದ್ಧವಾಗುತ್ತದೆ.

ಹಂಪ್ ಈಗಾಗಲೇ ಇದ್ದರೆ ಅದನ್ನೂ ಅಳೆಯಬಹುದು. ಎರಡು ಅಂಚುಗಳ ನಡುವೆ ಬಿಗಿಯಾಗಿ ದಾರ ಹಿಡಿಯಲು ಉಬ್ಬು ಅಡ್ಡ ಬರುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ಎತ್ತರದ ಇಟ್ಟಿಗೆ ಇಟ್ಟು ದಾರ ಎಳೆದು, ನಡುವಿನಲ್ಲಿ ದಾರದಿಂದ ಉಬ್ಬಿಗೆ ಇರುವ ಅಂತರವನ್ನು ಇಟ್ಟಿಗೆಯ ಎತ್ತರದಿಂದ ಕಳೆದರೆ ಉಬ್ಬಿನ ಎತ್ತರ ಸಿಗುತ್ತದೆ. ಅರ್ಧ ಅಗಲದ ವರ್ಗವನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ ತ್ರಿಜ್ಯ, ಹೆಚ್ಚು ಕಡಿಮೆ. 1.85ರ ವರ್ಗ 3.42, ಅದನ್ನು 0.2ರಿಂದ ಭಾಗಿಸಿದರೆ 17.1. ಈ ಸಂಖ್ಯೆ 17ರ ಬದಲು ಎರಡೋ ಮೂರೋ ಬಂದರೆ, ಕೋಷ್ಟಕದ ಕೆಳಗೆ ಅದನ್ನೂ ಬರೆದು ಅರ್ಜಿಗೆ ಲಗತ್ತಿಸಬಹುದು.